ಎಡಗಿವಿ

ಮೂರನೆಯ ಏಟಿಗೇ ಕೊಡೆಯ ಕಡ್ಡಿಗಳು ಮುರಿದು, ಬಟ್ಟೆ ಹರಿದು ಹೊರಗೆ ಚಾಚಿಕೊಂಡವು. ಆದರೂ ರಾಜೇಶ್ವರಿಯ ಕೈ ನಿಲ್ಲಲಿಲ್ಲ. ನಾಯಿ ಓಡಿಹೋಗಬಹುದಾಗಿತ್ತು, ಹಿತ್ತಲ ಬಾಗಿಲು ತೆರೆದೇ ಇತ್ತು. ಅದು ಓಡಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ, ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು, ಪ್ರತಿ ಏಟಿಗೂ ಒಮ್ಮೆ ಬಾಲವನ್ನು ಫರಸಿಗೆ ಬಡಿಯುತ್ತ ಬಿದ್ದಿತ್ತು. ಅದರ ಮೂತಿಗೆ ಬಿಳಿ ಕೂದಲು ಅಂಟಿಕೊಂಡಿತ್ತು. ನೀರಿನ ಟಾಕಿಯ ಬುಡದಲ್ಲಿ ಬೆಕ್ಕಿನ ಎರಡು ಮರಿಗಳು ಬಿದ್ದಿದ್ದವು. ಒಂದರ ಕುತ್ತಿಗೆ ತಿರುಗಬಾರದ ಕಡೆಗೆ ತಿರುಗಿತ್ತು, ಇನ್ನೊಂದು ಸುಮ್ಮನೆ ನಿದ್ದೆ ಹೋದಂತೆ ಕಾಣುತ್ತಿತ್ತು. ತಾಯಿ ಬೆಕ್ಕು ಗೋಡೆಯ ಮೇಲೆ ಕೂತು, ಕೂಗುವುದನ್ನೂ ಮರೆತು ಇವಳನ್ನೇ ನೋಡುತ್ತಿತ್ತು. ತಾನು ಬಾಯಲ್ಲಿ ಏನೋ ಅನ್ನುತ್ತಿದ್ದೇನೆ ಎನ್ನುವುದು ರಾಜೇಶ್ವರಿಗೆ ಗೊತ್ತಿತ್ತು, ಏನೆನ್ನುವುದು ಗೊತ್ತಿರಲಿಲ್ಲ. ಬಾಜೂ ಮನೆಯ ಕೇದಾರಿ ಹಲ್ಲುಜ್ಜುತ್ತಿದ್ದವನು ಗೋಡೆಯ ಮೇಲಿಂದ ಮುಖ ಹಾಕಿ, "ಅಕ್ಕೋರ, ಬಿಡ್ರಿ. ಸತ್ತ ಹೊಕ್ಕೈತಿ," ಎಂದಾಗ ಕೈ ತಾನಾಗಿ ಕೆಳಗೆ ಬಂತು. ಅವನು ಬಾಯಿ ಮುಕ್ಕಳಿಸಿ ಉಗುಳಿ, ಹೋಗಲೋ ಬೇಡವೋ ಎನ್ನುವಂತೆ ಸ್ವಲ್ಪ ನಿಂತು, ಮೆಲ್ಲಗೆ ಕೇಳಿದ: "ಮಗ್ಗಿ ಯಾಕ ಅನ್ನಾಕತ್ತಿದ್ರಿ?"

ಏಳರ ಮಗ್ಗಿ. ಸಾಲಿಯಲ್ಲಿ ಕಲಿಸುವ ನೌಕರಿಯಿಂದ ನಿವೃತ್ತಿಯಾಗಿ ಎರಡು ವರ್ಷ ಕಳೆದರೂ ನಾಲಿಗೆ ಅದನ್ನು ಬಿಟ್ಟಿರಲಿಲ್ಲ. ಅವಳು ಕೊಡೆಯನ್ನು ಬಿಸಾಕಿ ಮೆಟ್ಟಿಲ ಮೇಲೆ ಕೂತಳು. ನಾಯಿ ಹೊಟ್ಟೆ ಎಳೆಯುತ್ತ, ಹಿಂದಿನ ಬಲಗಾಲನ್ನು ಊರಲಾರದೆ ಹತ್ತಿರ ಬಂತು, ಬಂದು ಅವಳ ಬೆರಳು ನೆಕ್ಕಿತು. ಒಂದೊಂದೇ ಬೆರಳನ್ನು, ಬಿಡಿಸಿ ಬಿಡಿಸಿ, ಅವಳಿಗೇ ಪೆಟ್ಟಾಗಿದೆ ಎನ್ನುವಂತೆ. ಅದನ್ನು ತಡೆದುಕೊಳ್ಳಲು ಅವಳಿಂದಾಗಲಿಲ್ಲ. ಕಚ್ಚಿದ್ದರೆ ಚೆನ್ನಾಗಿತ್ತು. ಪಿಂಚಣಿದಾರರ ಸಭೆಯೊಂದರಲ್ಲಿ ಯಾರೋ ಬಂದು ಭಾಷಣ ಮಾಡಿ, ದಿನಾ ಎದ್ದ ಕೂಡಲೇ ಐದು ಉಪಕಾರ ನೆನೆಯಿರಿ, ಬಿಪಿ ಇಳಿಯುತ್ತದೆ, ಎಂದು ಹೇಳಿ ಹೋದಾಗಿನಿಂದ ಅವಳು ಹಾಸಿಗೆಯಲ್ಲಿ ಕೂತು ಕಣ್ಣು ಮುಚ್ಚಿ ಅದನ್ನು ಮಾಡುತ್ತಿದ್ದಳು. ಇವತ್ತೂ ಮಾಡಿದ್ದಳು. ಇನ್ನೂ ನಡೆಯುವ ಮೊಣಕಾಲಿಗೆ, ತಿಂಗಳಿಗೆ ಸರಿಯಾಗಿ ಬರುವ ಪಿಂಚಣಿಗೆ, ಹೆಂಗಸರಿಗೆ ಬಿಟ್ಟಿ ಮಾಡಿದ ಬಸ್ಸಿಗೆ. ನಾಲ್ಕನೆಯದಾಗಿ, ಈ ಮನೆಯಲ್ಲಿ ನನಗೆ ಜೊತೆಯಾಗಿರುವ ದೊರಿಗೆ, ಎಂದು ನಾಯಿಯ ಹೆಸರು ಹೇಳುತ್ತಿದ್ದಾಗಲೇ ಹಿತ್ತಲಲ್ಲಿ ಬೆಕ್ಕು ಚೀರಿದ್ದು. ಐದನೆಯದು ಉಳಿದೇ ಹೋಯಿತು. ಕೇದಾರಿ ಗೋಡೆ ದಾಟಿ ಬಂದು, ನಾಯಿಯ ಕಾಲು ಮುಟ್ಟಿ ನೋಡಿ, ಮುರಿದಿಲ್ಲ, ಅರಿಷಿಣ ಹಚ್ಚಿ ಕಟ್ಟುತ್ತೇನೆ, ಮರಿಗಳನ್ನೂ ನಾನೇ ಹುಗಿಯುತ್ತೇನೆ, ನಿಮಗೆ ಹುಕ್ಕೇರಿ ಬಸ್ಸು ತಪ್ಪುತ್ತದೆ ಹೋಗಿರಿ, ಎಂದ. ಅವಳು ಕೈ ತೊಳೆದುಕೊಂಡಳು. ಎರಡು ಸಲ ಸಾಬೂನು ಹಚ್ಚಿದಳು.

ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಅರಿಯದವರು ಕಡಿಮೆ. ಅವಳು ನಿವೃತ್ತಳಾದ ಹದಿನೈದೇ ದಿನಕ್ಕೆ ಹೆಂಗಸರ ಟಿಕೇಟು ಮಾಫಿಯಾಗಿತ್ತು. ತನಗಾಗಿಯೇ ಮಾಡಿದಂತೆ ಅನಿಸಿ, ಮೊದಲ ವಾರವೇ ಸವದತ್ತಿಗೆ ಹೋಗಿ ಬಂದಿದ್ದಳು. ಆಮೇಲೆ ಹಿಡಕಲ್ ಡ್ಯಾಮು, ಬಾದಾಮಿ, ಬಿಜಾಪುರ. ಎಲ್ಲೂ ಹೋಗುವುದಕ್ಕೆ ಇಲ್ಲದ ದಿನ ಧುಪದಾಳದ ಒಡ್ಡಿನ ತನಕ ಹೋಗಿ, ನೀರು ಹಾಯುವುದನ್ನು ನೋಡುತ್ತ ಡಬ್ಬಿಯ ಅವಲಕ್ಕಿ ತಿಂದು ಬರುತ್ತಿದ್ದಳು. ಗಂಡ ಶಿವಕುಮಾರ ಬದುಕಿದ್ದಾಗ ಸಾಲಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಸಾಲಿ. ಅವನು ಹೋಗಿ ಎಂಟು ವರ್ಷವಾಯಿತು. ಈಗ ಕಿಟಕಿಯ ಪಕ್ಕದ ಸೀಟು ಅವಳದು. ಕಂಡಕ್ಟರ್ ಆಧಾರ ಕಾರ್ಡು ನೋಡದೆಯೇ ಶೂನ್ಯದ ಟಿಕೇಟು ಹರಿದು ಕೊಡುತ್ತಾನೆ. ನಿಂತ ಗಂಡಸರಲ್ಲಿ ಯಾರಾದರೊಬ್ಬ, ಫುಕಟ್ ಆದಾಗಿನಿಂದ ಇವಕ್ಕೆ ಮನೆ ಅಂಬೋದೇ ಇಲ್ಲ, ಎಂದು ಎಲ್ಲರಿಗೂ ಕೇಳುವಂತೆ ಗೊಣಗುತ್ತಾನೆ. ಇವತ್ತೂ ಒಬ್ಬ ಗೊಣಗಿದ. ಬೇರೆ ದಿನವಾಗಿದ್ದರೆ ಅವಳು ಅವನ ಕಡೆ ತಿರುಗಿ, ನಲವತ್ತು ಮಕ್ಕಳನ್ನು ಒಂದು ನೋಟಕ್ಕೆ ಸುಮ್ಮನಾಗಿಸುತ್ತಿದ್ದ ಆ ಕಣ್ಣು ಬಿಡುತ್ತಿದ್ದಳು. ಇವತ್ತು ಬಿಡಲಿಲ್ಲ. ಉಗುರಿನ ಸಂದಿಯಲ್ಲಿ ಒಂದು ಕೂದಲು ಉಳಿದುಕೊಂಡಿತ್ತು. ಅದನ್ನು ತೆಗೆಯುತ್ತ ಕೂತಳು.

ಬುಧವಾರ ಸೋಮಲಿಂಗ ಮನೆಗೆ ಬರದೇ ಇದ್ದಿದ್ದರೆ ನಾಯಿಗೆ ಈ ಏಟು ಬೀಳುತ್ತಿರಲಿಲ್ಲ, ಎಂದು ಅವಳಿಗೆ ಅನಿಸಿತು. ಅವನು ಮುದಲಗಿ ಕಡೆಯ ತೋಟದ ಸಾಲಿಯಲ್ಲಿ ಅವಳ ಕೈಯಲ್ಲಿ ಕಲಿತವನು, ಈಗ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ. ಭಾನುವಾರ ಮುದಲಗಿಯಲ್ಲಿ ಗುರುವಂದನಾ ಇಟ್ಟುಕೊಂಡಿದ್ದೇವೆ, ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ನಿಮ್ಮನ್ನು ಮೆರೆಸುತ್ತೇವೆ, ಎಂದು ಕಾರ್ಡು ಕೊಟ್ಟು ಕಾಲಿಗೆ ಬಿದ್ದ. ನಿಮ್ಮ ಹೊಡೆತ ತಿಂದೇ ನಾವು ಮನುಷ್ಯರಾದೆವು ಎಂದು ನಕ್ಕ. ಬೆರಳ ಗಂಟಿನ ಮೇಲೆ ಫೂಟುಪಟ್ಟಿ ನಿಲ್ಲಿಸಿ ಹೊಡೆಯುತ್ತಿದ್ದಿರಲ್ಲ, ಈಗಲೂ ಥಂಡಿಯಲ್ಲಿ ನೋಯುತ್ತದೆ, ಎಂದು ತನ್ನ ಬೆರಳನ್ನು ಅವಳ ಮುಂದೆ ಹಿಡಿದು ತೋರಿಸಿದ, ಉಂಗುರ ತೋರಿಸುವ ಹಾಗೆ. ಅವಳೂ ನಕ್ಕಳು. ಚಹ ಕುಡಿದು ಎದ್ದವನು ಬಾಗಿಲಲ್ಲಿ ನಿಂತು, "ಲಗಮವ್ವನೂ ಬರ್ತಾಳ್ರಿ. ಶಾಲು ತಾನ ಹೊದಸ್ತೇನಂದಾಳ," ಎಂದ. ಅವಳು ಹುಕ್ಕೇರಿಯಲ್ಲಿ ಖಾನಾವಳಿ ನಡೆಸುತ್ತಾಳಂತೆ. ಪಾಪ, ಗಂಡ ಕಪಾಳಕ್ಕೆ ಹೊಡೆದು ಒಂದು ಕಿವಿ ಕಿವುಡು ಮಾಡಿದ. ಕೇಸು ನಡೆದು ಅವನಿಗೆ ಒಂದೂವರೆ ವರ್ಷ ಜೈಲಾಯಿತು. ಯಾವ ಕಿವಿ ಎಂದು ರಾಜೇಶ್ವರಿ ಕೇಳಿದಳು. ಸೋಮಲಿಂಗ ವಿಚಿತ್ರವಾಗಿ ನೋಡಿದ. ಆಮೇಲೆ ನೆನಪು ಮಾಡಿಕೊಂಡು, ಎಡಗಿವಿ ಇರಬೇಕು, ಎಂದ.

ಕಿಟಕಿಯ ಹೊರಗೆ ಕೊಣ್ಣೂರ ಬಂತು, ಕಬ್ಬು ಹೇರಿದ ಟ್ರಾಲಿಗಳ ಹಿಂದೆ ಬಸ್ಸು ತೆವಳಿತು. ವರ್ಷಗಳ ಹಿಂದಿನ ಆ ದಿನ ಸಾಲಿಗೆ ಹೋಗುವಾಗಲೂ ಹೀಗೇ ಕಬ್ಬಿನ ಬಂಡಿಗಳ ಹಿಂದೆ ನಡೆದಿದ್ದಳು, ಸೆರಗನ್ನು ಗಲ್ಲದ ಮೇಲೆ ಎಳೆದುಕೊಂಡು. ಕುಲಗೋಡದಿಂದ ಎರಡು ಮೈಲಿ ಒಳಗೆ, ಕಬ್ಬಿನ ನಡುವೆ ಒಂದೇ ಕೋಣೆ. ಬೆಳಿಗ್ಗೆ ರೊಟ್ಟಿ ಹೊತ್ತಿದೆ ಎಂದು ಶಿವಕುಮಾರ ಹೊಡೆದಿದ್ದ. ಅದೇನೂ ಹೊಸದಲ್ಲ, ಆದರೆ ಮುಖಕ್ಕೆ ಹೊಡೆದದ್ದು ಅದೇ ಮೊದಲು. ಮಕ್ಕಳು ಏಳರ ಮಗ್ಗಿ ಒದರುತ್ತಿದ್ದವು. ಸೆರಗು ಯಾವಾಗ ಜಾರಿತೋ ಗೊತ್ತಾಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಒಂಬತ್ತು ವರ್ಷದ ಲಗಮವ್ವ ಎದ್ದು ನಿಂತು, ಮುದ್ದಾದ ದನಿಯಲ್ಲಿ, ಬಹಳ ಚಿಂತೆಯಿಂದ, "ಅಕ್ಕೋರ, ನಿಮ್ಮ ಗಲ್ಲದ ಮ್ಯಾಲ ಬೆರಳ ಮೂಡ್ಯಾವ್ರಿ," ಎಂದಳು. ಮಗ್ಗಿ ನಿಂತಿತು. ಯಾರೋ ಕಿಸಕ್ಕೆಂದರು. ಹೊಡೆದದ್ದು ಎಷ್ಟು ಸಲ ಎಂದು ಅವಳಿಗೆ ಈಗಲೂ ಗೊತ್ತಿಲ್ಲ. ಒಂದೇ ಸಲ ಎಂದು ಬಹಳ ವರ್ಷ ನಂಬಿದ್ದಳು. ಹುಡುಗಿ ಗೋಡೆಗೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಅಳಲಿಲ್ಲ. ಕಿವಿಯಿಂದ ಒಂದು ತೆಳ್ಳಗಿನ ಕೆಂಪು ಗೆರೆ ಕುತ್ತಿಗೆಗೆ ಇಳಿದು ಬಿಳಿ ಅಂಗಿಯ ಕಾಲರಿನಲ್ಲಿ ಹೋಯಿತು. ರಾಜೇಶ್ವರಿ ಅದನ್ನು ಒರೆಸಿ, ಹತ್ತಿ ತುರುಕಿ, ಮುಂದಿನದು ಹೇಳಿರಿ ಎಂದು ಮಕ್ಕಳಿಗೆ ಹೇಳಿದಳು. ಅವು ಹೇಳಿದವು.

ಮರುದಿನ ಲಗಮವ್ವನ ಅಪ್ಪ ಸಾಲಿಯ ಬಾಗಿಲಿಗೆ ಬಂದು ನಿಂತಾಗ ಅವಳು ಕುರ್ಚಿಯಿಂದ ಎದ್ದು ನಿಂತಿದ್ದಳು. ಅವನು ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಹೊಸ ಬೆಲ್ಲದ ಒಂದು ಪೆಂಟೆಯನ್ನು ಟೇಬಲ್ಲಿನ ಮೇಲಿಟ್ಟ. ಹುಡುಗಿ ಬಹಳ ಬಾಯಿಬಡಕಿ, ನೀವು ಬುದ್ಧಿ ಹೇಳಿದ್ದು ಚಲೋ ಆಯಿತು, ರಾತ್ರಿಯಿಂದ ಒಂದು ಮಾತಿಲ್ಲ, ಎಂದ. ನಿಮ್ಮ ಉಪಕಾರ ಮರೆಯುವುದಿಲ್ಲ, ಎಂದ. ಬೆಲ್ಲ ಇನ್ನೂ ಬೆಚ್ಚಗಿತ್ತು. ಅದನ್ನು ಮನೆಗೆ ಒಯ್ದಳು, ಆ ಚಳಿಗಾಲವೆಲ್ಲ ಶಿವಕುಮಾರ ಚಹಕ್ಕೆ ಅದನ್ನೇ ಹಾಕಿಸಿಕೊಂಡ, ರುಚಿಯಿದೆ ಎಂದ. ಅದಾಗಿ ಇಪ್ಪತ್ತೊಂಬತ್ತು ವರ್ಷ. ಬುಧವಾರದಿಂದ ಇವತ್ತಿನವರೆಗೆ ಮೂರು ರಾತ್ರಿ ಅವಳು ಸರಿಯಾಗಿ ಮಲಗಿರಲಿಲ್ಲ. ತಾನು ಮಾಡಿದ್ದಕ್ಕೆ ಯಾವನೋ ಒಬ್ಬ ಒಂದೂವರೆ ವರ್ಷ ಜೈಲಿನ ಗಂಜಿ ಉಂಡು ಬಂದಿದ್ದಾನೆ. ತಾನು ಶಾಲು ಹೊದೆಸಿಕೊಳ್ಳಲು ಹೋಗಬೇಕು, ಅದೂ ಲಗಮವ್ವನ ಕೈಯಿಂದ. ನಾಳೆ ವೇದಿಕೆ ಏರುವ ಮೊದಲು ಇವತ್ತು ಹುಕ್ಕೇರಿಗೆ ಹೋಗಿ, ಕಿವಿ ಒಡೆದವಳು ನಾನು, ಅದನ್ನು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ, ಎಂದು ಹೇಳುವುದೆಂದು ಶುಕ್ರವಾರ ನಿಶ್ಚಯಿಸಿಕೊಂಡಿದ್ದಳು. ನಿಶ್ಚಯಿಸಿದ ಮೇಲೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಅದು ನೆನಪಾಗಿ ಈಗ ನಾಚಿಕೆಯಾಯಿತು.

ಹುಕ್ಕೇರಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಖಾನಾವಳಿ ಹುಡುಕುವುದು ಕಷ್ಟವಾಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ರಸ್ತೆಗೇ ಕೇಳುತ್ತಿತ್ತು. ಆರು ಟೇಬಲ್ಲು, ಊಟಕ್ಕೆ ಕೂತ ಏಳೆಂಟು ಗಂಡಸರು, ಒಲೆಯ ಮುಂದೆ ಇಬ್ಬರು ಹೆಂಗಸರು. ದುಡ್ಡಿನ ಗಲ್ಲೆಯ ಹಿಂದೆ ಕೂತಿದ್ದ ಗಟ್ಟಿ ಮೈಕಟ್ಟಿನ, ಹಣೆಯ ಬಳಿ ಕೂದಲು ನರೆತ ಹೆಂಗಸು ಇವಳನ್ನು ನೋಡಿ ಎದ್ದು ನಿಂತಳು. ತಡಮಾಡದೆ ಬಂದು ಕಾಲು ಮುಟ್ಟಿದಳು. "ನಮ್ಮ ಸಾಲಿ ಅಕ್ಕೋರ," ಎಂದು ಊಟ ಮಾಡುತ್ತಿದ್ದವರಿಗೆಲ್ಲ ಹೇಳಿದಳು. ಅವರಲ್ಲಿ ಇಬ್ಬರು ಎಂಜಲು ಕೈಯಲ್ಲೇ ಅರ್ಧ ಎದ್ದು ನಮಸ್ಕರಿಸಿದರು. ಒಳಗೆ ಹಿಟ್ಟಿನ ಚೀಲಗಳನ್ನು ಒಟ್ಟಿದ್ದ ಸಣ್ಣ ಕೋಣೆಯಲ್ಲಿ ಕೂರಿಸಿ, ತಾನು ಎದುರಿಗೆ ಕೂರದೆ ಸ್ವಲ್ಪ ಓರೆಯಾಗಿ ಕೂತಳು, ಬಲಗಿವಿ ಇವಳ ಕಡೆ ಬರುವಂತೆ. ಅಷ್ಟು ಸಹಜವಾಗಿ ಕೂತಳೆಂದರೆ ರಾಜೇಶ್ವರಿ ಮೂರು ರಾತ್ರಿ ಕಟ್ಟಿದ್ದ ಮಾತೆಲ್ಲ ಒಂದಕ್ಕೊಂದು ಸಿಗಲಿಲ್ಲ. ಆದರೂ ಹೇಳಿದಳು. ಮಗ್ಗಿಯಿಂದ ಹಿಡಿದು ಹತ್ತಿಯ ತನಕ ಹೇಳಿದಳು. ಬೆಲ್ಲದ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

ಲಗಮವ್ವ ಕೇಳಿ ಮುಗಿಸಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. "ನನಗ ಗೊತ್ತಿಲ್ಲೇನ್ರಿ ಅಕ್ಕೋರ?" ಎಂದಳು. "ನನ್ನ ಕಿವಿ, ನಾ ಮರೀತೇನೇನು?"

"ಮತ್ತ ಕೋರ್ಟಿನ್ಯಾಗ..."

"ಅಂವ ನನ್ನ ಒಂಬತ್ತ ವರ್ಷ ಹೊಡದಾನ್ರಿ. ಕಾಣದಂತಾ ಜಾಗಾ ನೋಡಿ ನೋಡಿ ಹೊಡೀತಿದ್ದ. ಬೆನ್ನಿಗೆ, ಹೊಟ್ಟಿಗೆ, ತೊಡಿಗೆ. ಎರಡ ಸಲ ಬಸರ ಹೋತು. ಡಾಕ್ಟರ ಮುಂದ ನಿಂತರ ಮೈಮ್ಯಾಲ ತೋರಸಾಕ ಏನೂ ಇರತಿದ್ದಿಲ್ಲ." ಲಗಮವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಕಾಣೂ ಅಂತಾದ್ದು ನಿಮ್ಮದೊಂದ ಇತ್ರಿ. ಅದನ್ನ ತೋರಿಸಿದೆ."

ಹೊರಗೆ ರೊಟ್ಟಿ ಬಡಿಯುವ ಸಪ್ಪಳ ಒಂದೇ ಲಯದಲ್ಲಿ ನಡೆದಿತ್ತು. ಲಗಮವ್ವ ದನಿ ಏರಿಸಲಿಲ್ಲ. ಕಿವಿಯ ಪರದೆ ಹರಿದಿದೆ, ಹಳೆಯದು, ಎಂದು ಡಾಕ್ಟರು ಬರೆದುಕೊಟ್ಟರು; ಗಂಡನ ಹೊಡೆತವೂ ಹಳೆಯದೇ ಅಲ್ಲವೇ, ಯಾರೂ ಮುಂದಕ್ಕೆ ಕೇಳಲಿಲ್ಲ. ಆ ಒಂದು ಕಾಗದದ ಮೇಲೆ ತಾನು ಹೊರಗೆ ಬಂದದ್ದು, ಈ ಒಲೆ ಹಚ್ಚಿದ್ದು, ಇಬ್ಬರಿಗೆ ಕೆಲಸ ಕೊಟ್ಟದ್ದು. ಅಪ್ಪ ಕೈಬಿಟ್ಟ, ಅಣ್ಣಂದಿರು ಕೈಬಿಟ್ಟರು, ಕೈ ಹಿಡಿದದ್ದು ನೀವು ಕೊಟ್ಟ ಏಟು, ಎಂದು ಅವಳು ಹೇಳಿದ್ದರಲ್ಲಿ ಕುಚೋದ್ಯ ಇತ್ತೋ ಇಲ್ಲವೋ ರಾಜೇಶ್ವರಿ ಮುಖದಲ್ಲಿ ಹುಡುಕಿದಳು, ಸಿಗಲಿಲ್ಲ. ಅದಕ್ಕೇ ನಾಳೆ ಶಾಲು ತಾನೇ ಹೊದಿಸುತ್ತೇನೆ ಎಂದದ್ದಂತೆ. ನೀನು ನನ್ನನ್ನು ಬೈದಿದ್ದರೆ ಚಲೋ ಇತ್ತು, ಎಂದು ರಾಜೇಶ್ವರಿ ಹೇಳಹೋದಳು. ಲಗಮವ್ವ ನಡುವೆಯೇ ತಡೆದಳು. "ನಿಮಗ ಹಗರ ಆಗಬೇಕಂತ ಬಾಯಿ ಬಿಡಬ್ಯಾಡ್ರಿ. ನೀವು ಬಾಯಿ ಬಿಟ್ರ ನಾ ಸುಳ್ಳಿ ಆಕ್ಕೇನಿ. ಅಂವ ಹೊಡದ ಒಂಬತ್ತ ವರ್ಷಾನೂ ಸುಳ್ಳ ಆಕ್ಕಾವು."

ಅಷ್ಟರಲ್ಲಿ ಕೇದಾರಿಯ ಫೋನು ಬಂತು. ನಾಯಿ ಹಾಲು ಕುಡಿದಿದೆ, ಕುಂಟುತ್ತ ಓಡಾಡುತ್ತಿದೆ, ಚಿಂತೆ ಬೇಡ, ಎಂದ. ಅವಳು ಹೂಂ ಅಂದಳು. ಫೋನು ಇಡುವಾಗ ಹೊರಗಿನ ಸಪ್ಪಳ ನಿಂತಿದ್ದು ಗೊತ್ತಾಯಿತು. ಲಗಮವ್ವ ಎದ್ದು ಬಾಗಿಲಿಗೆ ಹೋದಳು, ಬೆನ್ನು ಸೆಟೆದುಕೊಂಡಿತು.

ರಸ್ತೆಯ ಆಚೆ ಬೇವಿನ ಮರದ ಕೆಳಗೆ ಒಬ್ಬ ನಿಂತಿದ್ದ. ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ಕಬ್ಬು ಕಡಿಯುವವರ ಹಾಗೆ ಕಪ್ಪಾಗಿ ಬಿರಿದ ಕೈ. ಆ ಕೈಯಲ್ಲೊಂದು ಬಣ್ಣಗೆಟ್ಟ ಕೈಚೀಲ. ಅಲ್ಲಪ್ಪ, ಲಗಮವ್ವನ ಗಂಡ, ಎಂದು ಒಲೆಯ ಬಳಿಯ ಹೆಂಗಸು ಪಿಸುಗುಟ್ಟಿದಳು. ಎರಡು ತಿಂಗಳಿಗೊಮ್ಮೆ ಬರುತ್ತಾನಂತೆ, ಕುಡಿದಿರುವುದಿಲ್ಲ, ಒಳಗೂ ಬರುವುದಿಲ್ಲ. ಅಲ್ಲೇ ನಿಂತು, ನಾನು ನಿನ್ನ ಕಿವಿಗೆ ಹೊಡೆದದ್ದು ಯಾವತ್ತು ಹೇಳು, ಎಂದು ಕೇಳಿ ಹೋಗುತ್ತಾನೆ. ಇವತ್ತು ಅವನು ಏನೂ ಕೇಳಲಿಲ್ಲ. ರಸ್ತೆ ದಾಟಿ ನೇರ ಬಾಗಿಲಿಗೆ ಬಂದ. ಲಗಮವ್ವ ಹಿಂದೆ ಸರಿಯಲಿಲ್ಲ. ಅವನು ಕೈಯನ್ನು ಚೀಲದೊಳಕ್ಕೆ ಹಾಕಿದ್ದನ್ನು ರಾಜೇಶ್ವರಿ ನೋಡಿದಳು; ಬೀಡಿಗೋ ನೋಟಿಗೋ ಎಂದುಕೊಂಡಳು. ಅದು ಹೊರಗೆ ಬರುವ ಮೊದಲೇ ಊಟಕ್ಕೆ ಕೂತಿದ್ದವರಲ್ಲಿ ಒಬ್ಬ ಎದ್ದು ಅವನ ಕಾಲರು ಹಿಡಿದು ಹೊರಗೆ ನೂಕಿದ. ಇನ್ನೊಬ್ಬ ಎಂಜಲು ಕೈಯಿಂದಲೇ ಬಾಯಿಗೆ ಹೊಡೆದ. ಅಲ್ಲಪ್ಪ ಬಿದ್ದ. ಚೀಲವನ್ನು ಎದೆಗೆ ಅವುಚಿಕೊಂಡು ಗಟಾರದ ಅಂಚಿನಲ್ಲಿ ಮುದುಡಿದ. ಈಗ ನಾಲ್ಕು ಜನ ಒದೆಯುತ್ತಿದ್ದರು. ಅವರಿಗೆ ಅವನ ಮೇಲೆ ಸಿಟ್ಟು ಇದ್ದಂತೆ ಕಾಣಲಿಲ್ಲ. ಊಟದ ನಡುವೆ ಒಂದು ಕೆಲಸ ಬಂದಿತ್ತು, ಮಾಡುತ್ತಿದ್ದರು. ಮೂಗಿನಿಂದ ರಕ್ತ ಬಂದು ಬಿಳಿ ಅಂಗಿಯ ಕಾಲರಿಗೆ ಇಳಿಯಿತು. ರಾಜೇಶ್ವರಿಯ ಬಾಯಿಂದ, "ಬಿಡ್ರಿ, ಸಾಕು," ಎಂಬ ಮಾತು ತರಗತಿಯ ದನಿಯಲ್ಲಿ ಬಂತು. ಗಂಡಸರು ನಿಂತರು, ಸಾಲಿ ಹುಡುಗರಂತೆ ಕೈ ಹಿಂದೆ ಕಟ್ಟಿಕೊಂಡರು. ಅಕ್ಕೋರು ಹೇಳುತ್ತಿದ್ದಾರೆ, ಬಿಡಿರಿ, ಲಗಮವ್ವನ ಸಾಲಿ ಅಕ್ಕೋರು, ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ.

ಅದು ಅಲ್ಲಪ್ಪನಿಗೆ ಕೇಳಿಸಿತು. ಅವನು ಮೊಣಕೈ ಊರಿ ಎದ್ದು ಕೂತ. ಇವಳನ್ನು ನೋಡಿದ ನೋಟದಲ್ಲಿ ಬೇರೇನೂ ಇರಲಿಲ್ಲ, ಬಾವಿಯ ತಳದಲ್ಲಿ ಬಿದ್ದವನು ಮೇಲೆ ಮುಖ ಕಂಡಾಗ ನೋಡುವ ನೋಟ ಅಷ್ಟೇ. "ಅಕ್ಕೋರ," ಎಂದ, "ಆಕಿ ನಿಮ್ಮ ಕೈಯಾಗ ಕಲ್ತಾಳಂದ್ರ ನಿಮಗ ಗೊತ್ತಿರಬೇಕು. ಸಾಲ್ಯಾಗ ಆಕಿ ಕಿವಿ ಹ್ಯಾಂಗಿತ್ರಿ? ನಾ ಬ್ಯಾರೆ ಎಲ್ಲಾ ಹೊಡದೇನಿ, ಇಲ್ಲನ್ನೂದಿಲ್ಲ. ಕಿವಿಗೆ ಹೊಡದಿಲ್ರಿ. ಯಾರೂ ನಂಬವಲ್ರು. ನೀವ ಹೇಳ್ರಿ."

ಎಲ್ಲರೂ ಅವಳ ಕಡೆ ತಿರುಗಿದರು. ಲಗಮವ್ವ ತಿರುಗಲಿಲ್ಲ. ಅವಳ ಎಡಗಿವಿ ರಾಜೇಶ್ವರಿಯ ಕಡೆಗಿತ್ತು. ಓಲೆ ಹಾಕಿದ ತೂತು ಜೋತುಬಿದ್ದ, ಎಲ್ಲರದರಂತೆಯೇ ಇದ್ದ ಒಂದು ಕಿವಿ. ಹೇಳಲು ಬಂದದ್ದು ಇದನ್ನೇ ಅಲ್ಲವೇ. ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದುಕೊಂಡು ಬಂದದ್ದು. ಎರಡೇ ಮಾತು. ಹೇಳಿದರೆ ಈ ನಾಲ್ವರು ತಮ್ಮ ಕೈ ನೋಡಿಕೊಳ್ಳುತ್ತಾರೆ, ಲಗಮವ್ವನ ಗಲ್ಲೆ, ಒಲೆ, ಹಿಟ್ಟಿನ ಚೀಲ ಎಲ್ಲದರ ಮೇಲೂ ಒಂದು ಸುಳ್ಳು ಬಂದು ಕೂರುತ್ತದೆ, ಇವನು ಎದ್ದು ಮೈ ಕೊಡವಿಕೊಳ್ಳುತ್ತಾನೆ. ಹೇಳದಿದ್ದರೆ? ಅವಳ ಮನಸ್ಸು ತನಗೆ ಗೊತ್ತಿಲ್ಲದ ಚುರುಕಿನಿಂದ ಒಂದು ವಾಕ್ಯವನ್ನು ಹುಡುಕುತ್ತಿತ್ತು, ಸುಳ್ಳಲ್ಲದ ಒಂದು ವಾಕ್ಯವನ್ನು.

"ಆಕಿ ನನ್ನ ಸಾಲಿಗೆ ಬಂದಾಗ," ಎಂದಳು, "ಎರಡೂ ಕಿವಿ ಚಲೋ ಇದ್ವು."

ಒದೆ ತಿನ್ನುವಾಗ ಇಲ್ಲದ್ದೊಂದು ಈಗ ಅಲ್ಲಪ್ಪನ ಮುಖದಲ್ಲಿ ಕಂಡಿತು. ಅದೇನು ಎಂದು ಅವಳು ನೋಡನೋಡುತ್ತಿದ್ದಂತೆ, ಅವನು ತನ್ನ ಬಲಗೈಯನ್ನು ಮುಂದೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ, ಯಾರದೋ ವಸ್ತು ತನ್ನಲ್ಲಿ ಉಳಿದುಬಿಟ್ಟಿದೆ ಎನ್ನುವಂತೆ. "ಹಂಗಾದ್ರ ನಾನ," ಎಂದ. ಎದ್ದ. ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ. ಗಂಡಸರು ಕೈ ತೊಳೆದು ಊಟಕ್ಕೆ ಕೂತರು, ಪಲ್ಯ ಆರಿಹೋಗಿದೆ ಎಂದು ಒಬ್ಬ ದೂರಿದ.

ಲಗಮವ್ವ ಅವಳಿಗೂ ಎಲೆ ಹಾಕಿಸಿದಳು. ಬೇಡವೆಂದರೂ ಕೇಳಲಿಲ್ಲ. ಬಿಸಿ ರೊಟ್ಟಿ, ಝುಣಕ, ಕಡಲೆ ಹಾಕಿದ ಕೆಂಪು ಚಟ್ನಿ. ರಾಜೇಶ್ವರಿಗೆ ಹಸಿವಿತ್ತು, ಇಷ್ಟು ಹಸಿವು ಹೇಗಿದೆ ಎಂದು ಅಸಹ್ಯವಾಗುವಷ್ಟು ಇತ್ತು. ಮೂರು ರೊಟ್ಟಿ ತಿಂದಳು. ಲಗಮವ್ವ ಬಡಿಸುತ್ತ ನಡೆದ ವಿಷಯದ ಬಗ್ಗೆ ಒಂದು ಮಾತೂ ಆಡಲಿಲ್ಲ, ನಾಳೆ ಯಾವ ಸೀರೆ ಉಡುತ್ತೀರಿ ಎಂದು ಮಾತ್ರ ಕೇಳಿದಳು. ಶಾಲಿನ ಬಣ್ಣ ಹೊಂದಬೇಕಂತೆ.

ಗೋಕಾಕದ ಬಸ್ಸು ಕಿಕ್ಕಿರಿದಿತ್ತು. ಅವಳಿಗೆ ಕಿಟಕಿಯ ಪಕ್ಕ ಸಿಕ್ಕಿತು, ಮಗ್ಗುಲಲ್ಲಿ ಬದನೆಕಾಯಿಯ ಬುಟ್ಟಿಯ ಹೆಂಗಸು ಕೂತಳು. ಬಸ್ಸು ಹೊರಟ ಮೇಲೆ, ಮೇಲಿನ ಸಲಾಕೆ ಹಿಡಿದು ಬುಟ್ಟಿಯವಳ ಆಚೆ ನಿಂತವನು ಅಲ್ಲಪ್ಪ ಎನ್ನುವುದು ಕಂಡಿತು. ಮೂಗಿನ ಕೆಳಗೆ ರಕ್ತ ಒಣಗಿ ಕಪ್ಪಾಗಿತ್ತು. ಅವನು ಇವಳನ್ನು ನೋಡಿ ತಲೆ ಬಾಗಿಸಿದ. ಬಸ್ಸು ಕುಲುಕಿದಾಗ ಒಂದೇ ಕೈಯಲ್ಲಿ ಸಾವರಿಸಿಕೊಳ್ಳಲಾರದೆ, ನಿಂತವರು ಕೂತವರಿಗೆ ಕೊಡುವಂತೆ, ಚೀಲವನ್ನು ಬುಟ್ಟಿಯ ಮೇಲಿಂದ ಚಾಚಿ, "ಹಿಡಕೋರ್ರಿ ಅಕ್ಕೋರ," ಎಂದ. ಅವಳು ತೊಡೆಯ ಮೇಲಿಟ್ಟುಕೊಂಡಳು. ಕಾಣುವುದಕ್ಕಿಂತ ಭಾರವಿತ್ತು. ಬಟ್ಟೆಯ ಮೂಲಕ ಕಟ್ಟಿಗೆಯ ಹಿಡಿ ತಾಗಿತು, ಅದರಿಂದ ಮುಂದಕ್ಕೆ ಬಾಗಿದ, ಅಗಲವಾದ, ತಣ್ಣನೆಯ ಒಂದು ಅಲಗು. ಕಬ್ಬು ಕಡಿಯುವ ಕೊಯ್ತಾ. ಬಾಗಿಲಲ್ಲಿ ಚೀಲದೊಳಕ್ಕೆ ಹೋದ ಕೈ ನೆನಪಾಗಿ, ಅವಳು ಚೀಲದ ಬಾಯನ್ನು ಮಡಚಿ ಹಿಡಿದಳು.

ಘಟಪ್ರಭಾ ದಾಟಿದ ಮೇಲೆ ಬುಟ್ಟಿಯವಳು ತೂಕಡಿಸತೊಡಗಿದಳು. ಅವನು ಬಗ್ಗಿ, ಗುಟ್ಟು ಹೇಳುವಂತಲ್ಲ, ಲೆಕ್ಕ ತಪ್ಪಿದ್ದನ್ನು ಒಪ್ಪಿಕೊಳ್ಳುವ ಹುಡುಗನಂತೆ ಹೇಳಿದ. "ಇವತ್ತ ನಾ ಕೇಳಾಕ ಹೋಗಿರಲಿಲ್ರಿ. ಮುಗಸಾಕ ಹೋಗಿದ್ದೆ. ಸುಳ್ಳ ಹೇಳಿ ನನ್ನ ಜೈಲಿಗೆ ಹಾಕ್ಯಾಳಂತ ಹಗಲ ರಾತ್ರಿ ಅದ ಒಂದ ತಲ್ಯಾಗ. ಅದಕ್ಕ ಅಂಗಿ ಒಗದ ಇಸ್ತ್ರಿ ಮಾಡಿಕೊಂಡ ಬಂದಿದ್ದೆ."

ರಾಜೇಶ್ವರಿ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಈಗ ತಿಳೀತ್ರಿ. ಕುಡದಾಗ ಹೊಡದಿರಬೇಕು, ನನಗ ನೆಪ್ಪಿಲ್ಲ. ಆಕಿ ಖರೆ ಹೇಳ್ಯಾಳ, ನಾನ ಹುಚ್ಚರಂಗ..." ಅವನ ಕಣ್ಣು ತುಂಬಿದ್ದವು. "ನಿಮ್ಮ ಉಪಕಾರ ಅಕ್ಕೋರ. ನೀವು ಹೇಳದಿದ್ರ ಏನಾಗ್ತಿತ್ತೋ. ಇನ್ನ ಆ ಕಡೆ ಹೋಗೂದಿಲ್ಲ."

ನಾನು, ಎಂಬ ಶಬ್ದ ಅವಳ ನಾಲಿಗೆಯ ತುದಿಗೆ ಬಂತು. ಹೊಡೆದದ್ದು ನಾನು, ನಿನ್ನ ಕೈ ಅಲ್ಲ, ಎಂದು ಹೇಳಿದರೆ ಅವನ ಮುಖದಿಂದ ಈ ಭಾರ ಇಳಿಯುತ್ತದೆ. ಇಳಿದ ಕೂಡಲೇ ಅವನೂ ಇಳಿಯುತ್ತಾನೆ, ಎದುರಿನಿಂದ ಬರುವ ಬಸ್ಸು ಹತ್ತುತ್ತಾನೆ. ಅವಳು ನಾಲಿಗೆಯನ್ನು ಹಲ್ಲಿನಲ್ಲಿ ಒತ್ತಿ ಹಿಡಿದಳು. ಅವನು ಅದನ್ನು ಬೇರೆಯಾಗಿ ತಿಳಿದು, ನೀವೇಕೆ ಅಳುತ್ತೀರಿ, ತಪ್ಪು ನನ್ನದು, ಎಂದು ಸಮಾಧಾನ ಹೇಳಿದ. ಕೊಣ್ಣೂರಿನ ಹತ್ತಿರ ಕಬ್ಬಿನ ಗ್ಯಾಂಗಿನಲ್ಲಿ ಇದ್ದೇನೆ, ಗುಡಿಸಲು ಅಲ್ಲೇ, ಇಳಿಯುವ ಜಾಗ ಬಂತು, ಎಂದ. ಬಸ್ಸು ನಿಲ್ಲುವ ಮೊದಲೇ ಇಳಿಯುವವರ ನೂಕು ಶುರುವಾಗಿ, ಚೀಲಕ್ಕೆ ಕೈ ಚಾಚುವಷ್ಟರಲ್ಲಿ ಅವನನ್ನು ಬಾಗಿಲವರೆಗೆ ತಳ್ಳಿಕೊಂಡು ಹೋಯಿತು.

ಅವನು ಇಳಿದು, ಬಸ್ಸನ್ನು ಸುತ್ತಿ, ಅವಳ ಕಿಟಕಿಯ ಕೆಳಗೆ ಬಂದು ನಿಂತ. ಕೈ ಮೇಲೆತ್ತಿದ. "ಚೀಲಾ ಕೊಡ್ರಿ ಅಕ್ಕೋರ." ಒಣಗಿದ ರಕ್ತದ ಮೇಲೆ ಒಂದು ಮುಗುಳುನಗೆ ಇತ್ತು. ಅವನು ಹೇಳಿದ್ದೆಲ್ಲ ಖರೆ ಎಂದು ಅವಳಿಗೆ ಗೊತ್ತಿತ್ತು. ಈ ಹೊತ್ತಿಗೆ ಖರೆ. ಕೊಯ್ತಾ ಇಲ್ಲದೆ ಅವನಿಗೆ ನಾಳೆಯ ಕೂಲಿ ಇಲ್ಲ ಎನ್ನುವುದೂ ಗೊತ್ತಿತ್ತು. ಅವಳು ಚೀಲದ ಮೇಲೆ ಎರಡೂ ಅಂಗೈ ಇಟ್ಟು ಒತ್ತಿದಳು, ಅಲಗು ತೊಡೆಗೆ ಒತ್ತಿ ನೋಯುವವರೆಗೆ, ಮತ್ತು ನೇರ ಮುಂದಕ್ಕೆ ನೋಡಿದಳು. "ಅಕ್ಕೋರ," ಎಂದು ಅವನು ಮತ್ತೊಮ್ಮೆ ಕರೆದ, ಕೇಳಿಸಿಲ್ಲವೇನೋ ಎಂದು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಚಲಿಸಿತು. ಅವನು ಪಕ್ಕದಲ್ಲಿ ಓಡತೊಡಗಿದ, ಅಂಗೈಯಿಂದ ತಗಡನ್ನು ಬಡಿದ, ಚೀಲ, ಚೀಲ, ಎಂದು ಕೂಗಿದ. ಬುಟ್ಟಿಯವಳು ಎಚ್ಚರಗೊಂಡು, ಕೊಡು ಅವ್ವಾ, ಬಡವನದು, ಎಂದಳು. ನಿಂತವರೆಲ್ಲ ಬಗ್ಗಿ ನೋಡಿದರು. ಫುಕಟ್ ಅಡ್ಡಾಡುವುದಲ್ಲದೆ ಕಳ್ಳತನವೂ ಶುರುವಾಯಿತೇ, ಎಂದು ಒಬ್ಬ ನಕ್ಕ. ಬಡಿತ ಹಿಂದಕ್ಕೆ ಸರಿಯುತ್ತ ಸರಿಯುತ್ತ ನಿಂತಿತು.

ಕಂಡಕ್ಟರ್ ಜನರನ್ನು ಸರಿಸಿಕೊಂಡು ಬಂದು ಅವಳ ಮುಂದೆ ನಿಂತ. ಅವಳ ನರೆತ ತಲೆ, ಕನ್ನಡಕ, ಗರಿಗರಿ ಸೀರೆ ನೋಡಿ ಅವನಿಗೂ ದನಿ ಏರಿಸಲಾಗಲಿಲ್ಲ. "ಅದು ಅವನ ಚೀಲಾ ಅಲ್ಲೇನ್ರಿ?"

"ಅಲ್ಲ," ಎಂದಳು ರಾಜೇಶ್ವರಿ.

"ಅಂವ ಕೊಟ್ಟದ್ದ ನಾ ನೋಡೇನಿ," ಎಂದಳು ಬುಟ್ಟಿಯವಳು.

"ಮತ್ತ ಯಾರದ್ರಿ ಅದು?"

"ನಂದು," ಎಂದಳು.